ಆಗುಂಬೆ ಘಾಟಿಯಲ್ಲಿ ಕೈಗೆ ಸಿಗಬೇಕಾದ ಗುಂಡಿ

ಎರಡು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಕಾರಿನಲ್ಲಿ ನಾಲ್ಕು ಜನ, ಕಾಲ ಬಳಿ ನೀರು ಸೋರುವ ಕೊಡೆಗಳು. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗ ದಾಟಿ ಘಾಟಿ ಇಳಿಯತೊಡಗಿದ ಕೂಡಲೇ ಮುಂದಿನ ಗಾಜಿನ ಒಳಮೈಗೆ ಹಬೆ ಹಿಡಿಯಿತು. ಕಾರು ಕೊಂಡು ಮೂರು ವಾರವಾಗಿತ್ತು. ಗಾಜಿಗೆ ಗಾಳಿ ಬಿಡಲು ಅದರಲ್ಲಿ ಇದ್ದದ್ದು ನುಣುಪಾದ ಕಪ್ಪು ಪಟ್ಟಿಯ ಮೇಲೆ ಬರೆದ ಒಂದು ಸಣ್ಣ ಚಿತ್ರ. ಒದ್ದೆ ಬೆರಳಿಟ್ಟೆ, ಅದು ಗುರುತಿಸಲಿಲ್ಲ. ಮತ್ತೆ ಇಟ್ಟೆ, ಪಕ್ಕದ ಚಿತ್ರ ಹೊತ್ತಿಕೊಂಡಿತು. ಮೂರನೆಯ ಸಲ ಕಣ್ಣು ಕೆಳಗಿಳಿಸಿ ನೋಡಲೇಬೇಕಾಯಿತು. ತಲೆಯೆತ್ತಿದರೆ ಮಿನಿ ಬಸ್ಸೊಂದರ ದೀಪಗಳು ಮಸುಕಾಗಿ ಎದುರಿಗೇ ಇದ್ದವು. ಎಡಕ್ಕೆ ಒತ್ತಿ ನಿಲ್ಲಿಸಿದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೂ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ಕೆಳಗೆ ನೋಡಿದೆ ಎಂದರೆ 22 ಮೀಟರ್ ದೂರ ರಸ್ತೆಯನ್ನೇ ಕಂಡಿಲ್ಲ.

ನಾನು ಓಡಿಸಲು ಕಲಿತದ್ದು ಅಪ್ಪನ ಮಾರುತಿ 800ರಲ್ಲಿ. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ನಾಲ್ಕು ಗೇರು, 12 ಇಂಚಿನ ಚಕ್ರ. ಗಾಳಿಯ ದಿಕ್ಕು ಬದಲಿಸಲು ಅದರಲ್ಲಿ ಸರಿಸುವ ಲಿವರ್ ಇತ್ತು. ಎಷ್ಟು ಸರಿಸಿದೆ ಎಂಬುದು ಬೆರಳಿಗೇ ತಿಳಿಯುತ್ತಿತ್ತು. ಏರ್‌ಬ್ಯಾಗ್ ಇಲ್ಲದ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಇಲ್ಲದ ಆ ಕಾರಿಗೆ ನನ್ನ ಮಕ್ಕಳನ್ನು ಇಂದು ಹತ್ತಿಸಲಾರೆ. ಆದರೆ ಕೈಗೆ ಸಿಗುವ ವಿಷಯದಲ್ಲಿ ಅದು ಹೊಸದಕ್ಕಿಂತ ಎಷ್ಟೋ ಮೇಲು ಎಂದು ಘಂಟಾಘೋಷವಾಗಿ ಹೇಳುತ್ತೇನೆ.

ಇಂಡಿಕೇಟರನ್ನೇ ನೋಡಿ. 800ರಲ್ಲಿ ಅದರ ಕಡ್ಡಿ ಸ್ಟೀರಿಂಗಿನ ಬಲಗಡೆ, ವೈಪರಿನದು ಎಡಗಡೆ. ಆ ಕಾರಿನ ಮೂಲ ವಿನ್ಯಾಸ ಜಪಾನಿನ ಸುಜುಕಿ ಕಂಪನಿಯದು. ಅಲ್ಲೂ ನಮ್ಮಂತೆ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಾರೆ, ಚಾಲಕ ಬಲಕ್ಕೆ ಕೂರುತ್ತಾನೆ. ಎಡಗೈ ಗೇರಿನ ಮೇಲಿರುವಾಗ ಬಲಗೈ ತಿರುವಿನ ಸೂಚನೆ ಕೊಡುತ್ತದೆ. ನನ್ನ ಹೊಸ ಕಾರು ಯುರೋಪಿನ ಕಂಪನಿಯದು. ಅಲ್ಲಿನ ಹೆಚ್ಚಿನ ದೇಶಗಳಲ್ಲಿ ಚಾಲಕ ಎಡಕ್ಕೆ ಕೂರುವುದರಿಂದ ಇಂಡಿಕೇಟರ್ ಎಡಕ್ಕಿರುವುದು ಸರಿಯೇ. ನಮಗೆ ಕಳಿಸುವಾಗ ಸ್ಟೀರಿಂಗನ್ನು ಬಲಕ್ಕೆ ತಂದರು, ಕಡ್ಡಿಯನ್ನು ಮಾತ್ರ ಎಡದಲ್ಲೇ ಬಿಟ್ಟರು. ಹೀಗಾಗಿ ಗೇರು ಇಳಿಸುವ ಕೈಯೇ ಸೂಚನೆಯನ್ನೂ ಕೊಡಬೇಕು. ಇದು ಅಭ್ಯಾಸದ ಮಾತು ಎಂದು ಎಷ್ಟೋ ಜನ ತಳ್ಳಿಹಾಕುತ್ತಾರೆ, ನಾನು ಒಪ್ಪುವುದಿಲ್ಲ. ಎರಡು ಕೈಗಳಿಗೆ ಹಂಚಬೇಕಾದ ಕೆಲಸವನ್ನು ಒಂದೇ ಕೈಗೆ ಹೊರಿಸಿರುವುದು ವಿನ್ಯಾಸದ ಲೋಪವೇ.

ಕೊಂಡದ್ದಾಗಿತ್ತು, ಪಳಗಿಸಿಕೊಳ್ಳಬೇಕಾಗಿತ್ತು. ಉಡುಪಿಯಿಂದ ಮರಳಿದ ಮೇಲೆ ಒಂದು ವಾರ, ಸಂಜೆ ಹತ್ತು ನಿಮಿಷ, ಅಂಗಳದಲ್ಲಿ ನಿಂತ ಕಾರಿನಲ್ಲಿ ಕಣ್ಣು ಮುಚ್ಚಿ ಕೂತೆ. ಮಗಳು ಪಕ್ಕದಲ್ಲಿ ಕೂತು ‘ವೈಪರ್’, ‘ಅಪಾಯ ದೀಪ’, ‘ಗಾಜಿನ ಗಾಳಿ’ ಎಂದು ಕೂಗುತ್ತಿದ್ದಳು, ನಾನು ಕೈ ಚಾಚುತ್ತಿದ್ದೆ. ಕಡ್ಡಿಗಳು ಮೂರನೇ ದಿನಕ್ಕೆ ಒಗ್ಗಿದವು. ಕಪ್ಪು ಪಟ್ಟಿ ಕೊನೆಗೂ ಒಗ್ಗಲಿಲ್ಲ, ಏಕೆಂದರೆ ಬೆರಳಿಗೆ ತಡವರಿಸಿ ಹಿಡಿಯಲು ಅಲ್ಲಿ ಏನೂ ಇಲ್ಲ. ಅಡಿಕೆಸಿಪ್ಪೆಯಷ್ಟು ಒರಟಾದ ಒಂದು ಸಣ್ಣ ಅಂಟುಪಟ್ಟಿಯನ್ನು ಆ ಚಿತ್ರದ ಕೆಳಗೆ ಅಂಟಿಸಿದೆ. ಈಗ ಹೆಬ್ಬೆರಳು ಅದಕ್ಕೆ ತಾಗಿದರೆ ತೋರುಬೆರಳು ಸರಿಯಾದ ಜಾಗದಲ್ಲಿರುತ್ತದೆ.

ಇನ್ನೊಂದು ರೂಢಿಯನ್ನೂ ಮಾಡಿಕೊಂಡೆ. ಘಾಟಿಗೆ ಮೊದಲೇ, ಆಗುಂಬೆ ಪೇಟೆಯಲ್ಲಿ ಕಾರು ನಿಲ್ಲಿಸಿ ಎಲ್ಲವನ್ನೂ ಸಿದ್ಧ ಮಾಡುತ್ತೇನೆ. ಎ.ಸಿ. ಹಾಕಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಬಂದ್ ಮಾಡಿ, ಶಾಖವನ್ನು ಸ್ವಲ್ಪ ಏರಿಸಿ, ಗಾಳಿಯನ್ನು ಗಾಜಿಗೆ ತಿರುಗಿಸುತ್ತೇನೆ. ಮಳೆಗಾಲದಲ್ಲಿ ಎ.ಸಿ. ಏಕೆ ಎಂದು ಮನೆಯವರು ಕೇಳುವುದುಂಟು. ಎ.ಸಿ. ಗಾಳಿಯ ತೇವವನ್ನು ಹೀರುತ್ತದೆ, ಒಣಗಾಳಿ ತಾಗಿದರೆ ಒಳಗಿನ ಹಬೆ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ತೀರಾ ತಣ್ಣಗಿಟ್ಟರೆ ಗಾಜು ತಣಿದು ಹೊರಮೈಗೆ ಇಬ್ಬನಿ ಕೂರುತ್ತದೆ. ಅದಕ್ಕೆ ಒಳಗಿನ ಬಟ್ಟೆಯಿಂದ ಪ್ರಯೋಜನವಿಲ್ಲ, ವೈಪರ್ ಬೇಕು.

ಇಳಿಯುವಾಗ ಎರಡನೇ ಗೇರಿನಿಂದ ಮೇಲೆ ಹೋಗುವುದಿಲ್ಲ. ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ. ಕಿರಿದಾದ ಕಡೆ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಸಂಚಾರ ನಿಯಮವೇ. ನಿಂತ ಲಾರಿಗೆ ಏರಿನಲ್ಲಿ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂದು ಅದರ ಹಿಂದೆ ನಿಂತವರಿಗೆ ಗೊತ್ತು.

ಗಾಜಿನ ಎರಡು ಬದಿಯ ಕಂಬಗಳ ಬಗೆಗೂ ಹೇಳಬೇಕು. 800ರಲ್ಲಿ ಅವು ಮೂರು ಬೆರಳಿನಷ್ಟು ಸಪೂರವಾಗಿದ್ದವು. ಕಾರು ಪಲ್ಟಿಯಾದರೂ ಚಾವಣಿ ಕುಸಿಯಬಾರದೆಂದು ಈಗ ದಪ್ಪ ಮಾಡಿದ್ದಾರೆ, ಅದು ಒಳ್ಳೆಯದೇ. ಆದರೆ ಬಲಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ಒಂದು ಇಡೀ ಬೈಕು ಆ ಕಂಬದ ಹಿಂದೆ ಅಡಗುತ್ತದೆ. ಹಾಗಾಗಿ ಆ ಘಾಟಿಯ ಹದಿನಾಲ್ಕು ತಿರುವುಗಳಲ್ಲೂ ತಲೆಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಪಕ್ಕಕ್ಕೆ ಬಾಗಿಸಿ ನೋಡುತ್ತೇನೆ. ಕಂಬಕ್ಕೆ ನಾನು ಹೊಂದಿಕೊಳ್ಳಬಲ್ಲೆ, ಅದಕ್ಕೊಂದು ಕಾರಣವಿದೆ. ಕಪ್ಪು ಪಟ್ಟಿಗೆ ಅಂಥ ಕಾರಣ ನನಗೆ ಕಾಣುವುದಿಲ್ಲ.

2022ರಲ್ಲಿ ಸ್ವೀಡನ್ನಿನ ‘ವಿ ಬಿಲಾಗರೆ’ ಪತ್ರಿಕೆ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡುವಾಗ ನಾಲ್ಕು ಸರಳ ಕೆಲಸ ಮಾಡಬೇಕು. ಗುಂಡಿಗಳಿರುವ 2005ರ ವೋಲ್ವೊ ವಿ70ಯಲ್ಲಿ ಹತ್ತು ಸೆಕೆಂಡು ಸಾಕಾಯಿತು. ಪರದೆ ತುಂಬಿದ ಹೊಸ ಕಾರುಗಳ ಪೈಕಿ ಒಂದಕ್ಕೆ 45 ಸೆಕೆಂಡು ಹತ್ತಿರ ಹಿಡಿಯಿತು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಅಪಾಯ ದೀಪ, ವೈಪರ್, ಹಾರ್ನ್, ತುರ್ತು ಕರೆಗೆ ನಿಜವಾದ ಗುಂಡಿ ಅಥವಾ ಕಡ್ಡಿ ಇರಬೇಕೆಂದು ಬಯಸುತ್ತದೆ. ಗಾಜಿನ ಗಾಳಿ ಆ ಪಟ್ಟಿಯಲ್ಲಿ ಇಲ್ಲ. ಮಲೆನಾಡಿನಲ್ಲಿ ಮಳೆಗಾಲ ಕಳೆದವರು ಪಟ್ಟಿ ಮಾಡಿದ್ದರೆ ಅದೇ ಮೊದಲು ಬರುತ್ತಿತ್ತು.

ಕಳೆದ ತಿಂಗಳು ಭಾವ ಕಾರು ಕೊಳ್ಳಲು ಹೊರಟಾಗ ನನ್ನನ್ನೂ ಶೋರೂಮಿಗೆ ಕರೆದೊಯ್ದರು. ಅವರನ್ನು ಚಾಲಕನ ಆಸನದಲ್ಲಿ ಕೂರಿಸಿ, ‘ಭಾವ, ಕಣ್ಣು ಮುಚ್ಚಿ ಫ್ಯಾನ್ ಜೋರು ಮಾಡಿ ನೋಡೋಣ’ ಎಂದೆ. ದುಬಾರಿ ಮಾದರಿಯಲ್ಲಿ ಅವರ ಕೈ ನುಣುಪಾದ ಪಟ್ಟಿಯ ಮೇಲೆ ಅತ್ತಿಂದಿತ್ತ ಅಲೆಯಿತು. ಅಗ್ಗದ ಮಾದರಿಯಲ್ಲಿ ತಿರುಗಿಸುವ ಮೂರು ನಾಬ್‌ಗಳಿದ್ದವು. ಮೊದಲ ಸಲವೇ ಹಿಡಿದು ತಿರುಗಿಸಿದರು. ‘ಇದೇ ಸಾಕು’ ಎಂದು ಮುಂಗಡ ಕೊಟ್ಟು ಬಂದರು.