ಕಪ್ಪತಗುಡ್ಡದ ಬುಡದಲ್ಲಿ ಎರಡು ದಿನದ ನಡಿಗೆ: ಸೀಮೆಯಿಂದ ಸೀಮೆಗೆ

ಕಪ್ಪತಗುಡ್ಡದ ಬುಡದ ಹಳ್ಳಿಗಳಲ್ಲಿ ಎರಡು ದಿನದ ಸುಲಭ ಚಾರಣ ನಡೆಸುತ್ತೇನೆಂದು 2019ರಲ್ಲಿ ನಾನು ಹೇಳಿದಾಗ ಹುಬ್ಬಳ್ಳಿಯ ನಮ್ಮ ಚಾರಣ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಹಣ ಕೊಟ್ಟು ನಡೆಯುವವರು ಕುಮಾರಪರ್ವತಕ್ಕೋ ಚಿಕ್ಕಮಗಳೂರಿಗೋ ಹೋಗುತ್ತಾರೆ, ಗದಗಿನ ಬಿಸಿಲಿನಲ್ಲಿ, ಅದೂ ಗುಡ್ಡ ಹತ್ತದೆ ಬುಡದಲ್ಲಿಯೇ ಸುತ್ತುವುದಕ್ಕೆ ಯಾರು ಬರುತ್ತಾರೆ ಎಂಬುದು ಅವರೆಲ್ಲರ ಪ್ರಶ್ನೆಯಾಗಿತ್ತು. ಕಳೆದ ಹಂಗಾಮಿನಲ್ಲಿ ಸೀಗಿ ಹುಣ್ಣಿಮೆಯಿಂದ ಶಿವರಾತ್ರಿಯೊಳಗೆ ಹನ್ನೊಂದು ತಂಡಗಳನ್ನು ನಡೆಸಿದೆ; ಅವುಗಳಲ್ಲಿ ಒಂಬತ್ತು ಪೂರ್ತಿ ತುಂಬಿದ್ದವು, ಎರಡನೆಯ ಸಲ ಬಂದವರೇ ಮೂವತ್ತಕ್ಕೂ ಹೆಚ್ಚು ಮಂದಿ ಇದ್ದರು. ಅಂದು ಬೇಡವೆಂದ ಗೆಳೆಯರಲ್ಲಿ ಇಬ್ಬರು ಈಗ ಹಾವೇರಿಯ ಕಡೆ ಇಂಥದೇ ನಡಿಗೆ ಕಟ್ಟುವುದು ಹೇಗೆಂದು ಕೇಳುತ್ತಿದ್ದಾರೆ. ತಂಡ ಸೇರಿಸುವುದು, ಔಷಧಿ ಪೆಟ್ಟಿಗೆ, ಒಪ್ಪಿಗೆ ಪತ್ರ, ನಿಧಾನ ನಡೆಯುವವರನ್ನು ಮುಂದಿಟ್ಟುಕೊಳ್ಳುವುದು ಇವೆಲ್ಲ ಈ ಕೆಲಸದಲ್ಲಿರುವವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಬಿಟ್ಟು, ನಾನು ಎಲ್ಲಿ ಸೋತೆ, ಯಾವುದು ಕೈಹಿಡಿಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲ ವರ್ಷ ನಾನು ಸಹ್ಯಾದ್ರಿಯ ಚಾರಣವನ್ನೇ ಇಲ್ಲಿಗೆ ತಂದು ಇಳಿಸಿದ್ದೆ. ಹುಬ್ಬಳ್ಳಿಯಿಂದ ಎರಡು ದಿನಕ್ಕೆ ಟೆಂಪೋ ಟ್ರಾವೆಲರ್, ಬಾಡಿಗೆಯ ಆರು ಟೆಂಟ್, ಪೇಟೆಯಿಂದ ಕ್ಯಾಟರಿಂಗ್ ಊಟ, ನಸುಕಿನಲ್ಲಿ ಸೂರ್ಯೋದಯ. ತಲೆಗೆ 1,800 ರೂಪಾಯಿಯಂತೆ ಹನ್ನೊಂದು ಮಂದಿ ಬಂದರು, ವಾಹನಕ್ಕೊಂದಕ್ಕೇ ಒಂಬತ್ತೂವರೆ ಸಾವಿರ ಹೋಯಿತು. ಮಧ್ಯಾಹ್ನದ ಊಟ ಮೂರು ಗಂಟೆಗೆ ತಣ್ಣಗಾಗಿ ಬಂತು. ಸಾಲುಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಗುಡ್ಡದ ಮಗ್ಗುಲಲ್ಲಿ ಟೆಂಟ್ ಹೂಡಬಾರದೆಂಬುದು ನನಗೆ ಮೊದಲೇ ಹೊಳೆಯಬೇಕಾಗಿತ್ತು. ರಾತ್ರಿ ಎರಡರ ಹೊತ್ತಿಗೆ ಎರಡು ಟೆಂಟ್‌ಗಳ ಕಂಬಿ ಮುರಿದು, ನಾಲ್ಕು ಜನ ವಾಹನದಲ್ಲಿ ಕುಳಿತೇ ಬೆಳಗು ಮಾಡಿದರು. ಆ ಚಳಿಗಾಲದ ಮೂರು ತಂಡಗಳಲ್ಲಿ, ಟೆಂಟ್ ರಿಪೇರಿಯೂ ಸೇರಿ, ಹೆಚ್ಚೂಕಡಿಮೆ ಇಪ್ಪತ್ಮೂರು ಸಾವಿರ ಕೈಯಿಂದ ಹೋಯಿತು. ಮನೆಯಲ್ಲಿ ಈ ಲೆಕ್ಕವನ್ನು ನಾನು ಪೂರ್ತಿ ಹೇಳಿದ್ದು ಎರಡು ವರ್ಷದ ನಂತರ.

ಆದರೆ ಹಣದ ನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಎರಡನೆಯ ತಂಡದೊಂದಿಗೆ ಒಂದು ಊರಿನ ಅಗಸಿಯ ಬಳಿ ನಿಂತು ನಡೆದ ದೂರ ಅಳೆಯುವ ಯಂತ್ರ ನೋಡಿಕೊಳ್ಳುತ್ತಿದ್ದಾಗ, ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ವಯಸ್ಸಾದ ತಾಯಿಯೊಬ್ಬರು ಕೆಲಸ ನಿಲ್ಲಿಸಿ, "ಯಾವ ಕಂಪನಿಯವರೋ ತಮ್ಮಾ? ಗುಡ್ಡಾ ಅಳ್ಯಾಕ ಬಂದೀರೇನು?" ಎಂದು ಕೇಳಿದರು. ನಾವು ಸುಮ್ಮನೆ ನಡೆಯಲು ಬಂದವರೆಂದು ಹೇಳಿದರೂ ಅವರು ನಂಬಲಿಲ್ಲ. ಅವರ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಗಣಿಗಾರಿಕೆಯ ಹೆದರಿಕೆಯಲ್ಲಿಯೇ ಬದುಕಿದ ಊರುಗಳಿವು. 2015ರಲ್ಲಿ ಗುಡ್ಡ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿ, ಮರುವರ್ಷ ಆ ಘೋಷಣೆ ಹಿಂದಕ್ಕೆ ಹೋಗಿ, 2017ರಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ ಅದು ಮರಳಿ ಬಂತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಅಂಥ ಊರಿನೊಳಗೆ ಅಳತೆಯ ಯಂತ್ರ ಹಿಡಿದು, ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಹತ್ತು ಜನರನ್ನು ಕರೆದುಕೊಂಡು, ಒಬ್ಬರ ಪರಿಚಯವೂ ಇಲ್ಲದೆ ನಾನು ನುಗ್ಗಿದ್ದೆ. ಅಂದೇ ಆ ಟೀ ಶರ್ಟುಗಳನ್ನು ನಿಲ್ಲಿಸಿದೆ.

ಪರಿಹಾರ ನನಗೆ ಸಿಕ್ಕಿದ್ದು ದೇವರ ಪಲ್ಲಕ್ಕಿಯಿಂದ. ಕೊರೊನಾದಿಂದಾಗಿ ಎಲ್ಲವೂ ನಿಂತಿದ್ದ ವರ್ಷಗಳು ಕಳೆದ ಮೇಲೆ ಒಂದು ಜಾತ್ರೆಯ ದಿನ ಪಲ್ಲಕ್ಕಿಯ ಹಿಂದೆ ನಾನೂ ನಡೆದಿದ್ದೆ. ಸೀಮೆಯ ಕಲ್ಲು ಬಂದೊಡನೆ ಈ ಊರಿನವರು ಹೆಗಲು ಬಿಟ್ಟರು, ಅಲ್ಲಿ ಕಾದು ನಿಂತಿದ್ದ ಆ ಊರಿನವರು ಹೆಗಲು ಕೊಟ್ಟರು; ಪಲ್ಲಕ್ಕಿ ನೆಲಕ್ಕೆ ಇಳಿಯಲೇ ಇಲ್ಲ. ನಮ್ಮ ಚಾರಣಿಗರನ್ನೂ ಹೀಗೆಯೇ ಏಕೆ ದಾಟಿಸಬಾರದೆಂದು ಆಗ ಅನ್ನಿಸಿತು. ಅಂದಿನಿಂದ ಇಡೀ ದಾರಿಗೆ ಒಬ್ಬನೇ ಗೈಡ್ ಎಂಬ ಪದ್ಧತಿಯನ್ನು ಬಿಟ್ಟೆ. ಪ್ರತಿ ಊರಿನ ಸೀಮೆಯಲ್ಲಿ ಆ ಊರಿನವರೇ ಒಬ್ಬರು ಮುಂದೆ ನಡೆಯುತ್ತಾರೆ, ಗಡಿಯಲ್ಲಿ ಮುಂದಿನ ಊರಿನವರಿಗೆ ತಂಡವನ್ನು ಒಪ್ಪಿಸಿ ಹಿಂದಿರುಗುತ್ತಾರೆ. ಎರಡು ದಿನಕ್ಕೆ ಐದು ಜನ ಬೇಕಾಗುತ್ತಾರೆ.

ಒಬ್ಬನಿಗೆ ಸಾವಿರದೈನೂರು ಕೊಟ್ಟರೆ ಮುಗಿಯುವ ಕೆಲಸಕ್ಕೆ ಐದು ಜನಕ್ಕೆ ಏಳುನೂರರಂತೆ ಮೂರೂವರೆ ಸಾವಿರ ಕೊಡುವುದು ಹುಚ್ಚುತನವೆಂದು ಗೆಳೆಯರು ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕದಲ್ಲಿ ಬಾರದ ಮಾತೊಂದಿದೆ. ತನ್ನ ಊರಿನ ಹೊಲ, ಬಾವಿ, ಸಮಾಧಿಗಳ ಬಗ್ಗೆ ಮಾತನಾಡುವವನು ಮೂರನೆಯ ಊರಿನ ಬಗ್ಗೆ ಹಾಗೆ ಮಾತನಾಡಲಾರ. ಮಾತನಾಡಿದರೂ ಆ ಊರಿನವರು ಸಹಿಸುವುದಿಲ್ಲ. ಇನ್ನು ಹೊಲದ ಬದುವಿನ ಮೇಲೆ ಹಾಯುವುದಕ್ಕೆ ಆ ಊರಿನವನೇ ಮುಂದಿದ್ದರೆ ಯಾರೂ ತಡೆಯುವುದಿಲ್ಲ. ಹಣವನ್ನು ಗಡಿಯ ಕಲ್ಲಿನ ಬಳಿಯೇ, ಚಾರಣಿಗರ ಎದುರಿನಲ್ಲಿಯೇ ಕೈಗೆ ಕೊಡುತ್ತೇನೆ, ಬಾಕಿ ಎಂಬ ಮಾತಿಲ್ಲ. ಹೋದ ಜನವರಿಯಲ್ಲಿ ಒಂದು ಬನ್ನಿ ಗಿಡದ ಕೆಳಗೆ ನಡೆದ ಒಪ್ಪಿಸುವಿಕೆ ನೆನಪಿನಲ್ಲಿದೆ. ಇಪ್ಪತ್ತು ದಾಟದ ಹುಡುಗ ತಲೆ ಎಣಿಸಿ, ಎದುರಿಗಿದ್ದ ಹಿರಿಯರಿಗೆ, "ಹದಿನಾಕು ಮಂದಿ ಅದಾರ ಕಾಕಾ. ಆ ನೀಲಿ ಸೀರಿ ಅಕ್ಕಾರಿಗೆ ಮೊಣಕಾಲು ಬ್ಯಾನಿ ಐತಿ, ಹಳ್ಳದಾಗ ಸಾವಕಾಶ ಇಳಿಸ್ರಿ" ಎಂದ. ಹಿರಿಯರು ಏನೂ ಹೇಳದೆ ತಮ್ಮ ಕೈಯ ಬಡಿಗೆಯನ್ನು ಆ ಅಕ್ಕನಿಗೆ ಕೊಟ್ಟು ಮುಂದೆ ನಡೆದರು. ಇದನ್ನು ನಾನು ಯಾರಿಗೂ ಕಲಿಸಿರಲಿಲ್ಲ.

ದಾರಿಯ ವಿಷಯದಲ್ಲಿ ನೆಲವೇ ನನಗೆ ಪಾಠ ಕಲಿಸಿತು. ಗುಡ್ಡದ ಸೆರಗಿನಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು; ಕೆಳಗಿಳಿದರೆ ಎರಿ, ಅಂದರೆ ಕಪ್ಪು ಮಣ್ಣು. 2022ರ ಅಕ್ಟೋಬರಿನಲ್ಲಿ ಒಂದು ತಂಡವನ್ನು ಎರಿ ಹೊಲಗಳ ನಡುವಿನ ದಾರಿಯಲ್ಲಿ ಕರೆದೊಯ್ಯುತ್ತಿದ್ದಾಗ ಅರ್ಧ ಗಂಟೆಯಷ್ಟು ಮಳೆ ಸುರಿಯಿತು. ಆ ಮಣ್ಣು ಬೂಟಿನ ಅಡಿಗೆ ಪದರ ಪದರವಾಗಿ ಹತ್ತಿ, ಹತ್ತು ಹೆಜ್ಜೆಗೊಮ್ಮೆ ನಿಂತು ಕಡ್ಡಿಯಿಂದ ಕೆರೆದುಕೊಳ್ಳಬೇಕಾಯಿತು, ಒಂದೊಂದು ಕಾಲು ಎರಡು ಸೇರು ಭಾರವಾಗಿತ್ತು. ನಾಲ್ಕು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು, ಧಾರವಾಡದಿಂದ ಬಂದಿದ್ದ ಒಬ್ಬರ ಬೂಟಿನ ಅಟ್ಟೆ ಕಿತ್ತು ಮಣ್ಣಿನಲ್ಲಿಯೇ ಉಳಿಯಿತು. ಈಗ ದೀಪಾವಳಿಯವರೆಗೆ ಮಸಾರಿ ದಾರಿ, ನೆಲ ಆರಿ ಬಿರುಕು ಬಿಟ್ಟ ಮೇಲೆ ಎರಿ ದಾರಿ ಎಂದು ಎರಡು ಹಾದಿ ಇಟ್ಟುಕೊಂಡಿದ್ದೇನೆ. ಎರಿ ದಾರಿಗೆ ಡಿಸೆಂಬರ್ ಕೊನೆಯಿಂದ ಇನ್ನೊಂದು ಲಾಭವೂ ಇದೆ: ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲ ಮತ್ತು ಶೇಂಗಾ ಚಟ್ನಿಯೊಂದಿಗೆ ಕೊಡುವ ಸೀತನಿ. ಅದಕ್ಕಾಗಿಯೇ ಮತ್ತೆ ಬರುವವರಿದ್ದಾರೆ. ಯಾವ ಹೊಲದಲ್ಲಿ, ಯಾವ ತಳಿಯ ಜೋಳವನ್ನು ಇದಕ್ಕೆಂದು ಬಿತ್ತಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ನಡಿಗೆ ಡಂಬಳದಿಂದ ಆರಂಭವಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಾಕಾರದ ಗೋಡೆಗೆ ಓರೆ ಬೆಳಕು ಬೀಳುವ ಹೊತ್ತಿಗೆ ಅಲ್ಲಿರುತ್ತೇವೆ. ಒಂದೊಂದು ಕೋನಕ್ಕೂ ಒಂದೊಂದು ನೆರಳು ಬಿದ್ದು, ಗೋಡೆ ಮಡಿಕೆ ಹಾಕಿದ ಬಟ್ಟೆಯಂತೆ ಕಾಣುತ್ತದೆ. ಮೊದಲ ದಿನ ಒಂಬತ್ತು ಕಿಲೋಮೀಟರ್, ಎರಡನೆಯ ದಿನ ಏಳು, ಇಷ್ಟೇ ನಡಿಗೆ. ಹೆಚ್ಚು ನಡೆಸಿದರೆ ಹೆಚ್ಚು ಕೊಟ್ಟಂತೆ ಎಂಬ ಭ್ರಮೆ ಮೊದಲು ನನಗೂ ಇತ್ತು, ಹದಿನಾರು ಕಿಲೋಮೀಟರನ್ನು ಒಂದೇ ದಿನದಲ್ಲಿ ನಡೆಸಿ ಐವತ್ತು ದಾಟಿದವರ ಬೈಗುಳ ತಿಂದಿದ್ದೇನೆ.

ಇಡೀ ಚಾರಣದ ಜೀವ ಇರುವುದು ಮಧ್ಯಾಹ್ನದಲ್ಲಿ. ಹನ್ನೊಂದೂವರೆಯಿಂದ ಮೂರೂವರೆಯವರೆಗೆ ನಾವು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ನಾಲ್ಕು ಗಂಟೆ ಸುಮ್ಮನೆ ಕೂರಿಸಿದರೆ ಜನ ಹಣ ಮರಳಿ ಕೇಳುತ್ತಾರೆಂದು ನನ್ನನ್ನು ಹೆದರಿಸಿದವರೇ ಹೆಚ್ಚು. ನಾವು ಇಳಿಯುವುದು ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ. ಗೋಡೆಯ ದಪ್ಪ ಎರಡು ಮೊಳಕ್ಕೆ ಕಡಿಮೆಯಿಲ್ಲ, ಹೊರಗೆ ಬಿಸಿಲು ಕಾಯುತ್ತಿದ್ದರೂ ಪಡಸಾಲೆಯ ನೆಲ ತಣ್ಣಗಿರುತ್ತದೆ. ಬೆಳಕಿಂಡಿಯಿಂದ ಬಿದ್ದ ತಟ್ಟೆಯಗಲದ ಬಿಸಿಲು ನೆಲದ ಮೇಲೆ ಸರಿಯುತ್ತಾ ಕಂಬದ ಬುಡ ಮುಟ್ಟಿದಾಗ ಎದ್ದು ಹೊರಡುವುದೆಂದು ಒಂದು ಮನೆಯ ಯಜಮಾನರೇ ಗುರುತು ಹೇಳಿಕೊಟ್ಟರು, ಅದು ನನ್ನ ಗಡಿಯಾರಕ್ಕಿಂತ ಚೆನ್ನಾಗಿ ನಡೆಯುತ್ತದೆ. ಊಟಕ್ಕೆ ಬಿಸಿ ರೊಟ್ಟಿ, ಬದನೆ ಎಣಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಮಜ್ಜಿಗೆ. ಸಿಹಿ ಮಾಡಿಸುವುದಿಲ್ಲ, ಹೋಳಿಗೆ ಉಂಡವರು ಸಂಜೆ ನಡೆಯುವುದಿಲ್ಲ. ಉಂಡು ಮಲಗಿ ಎದ್ದ ಮೇಲೆ ಮನೆಯವರೊಂದಿಗೆ ಹುಟ್ಟುವ ಮಾತುಕತೆಯನ್ನೇ ಹೋಗುವಾಗ ಎಲ್ಲರೂ ನೆನೆಯುತ್ತಾರೆ. ಸಂಜೆ ಆರರೊಳಗೆ ಊರು ಸೇರಲೇಬೇಕು, ಏಕೆಂದರೆ ಚಿರತೆ, ತೋಳ, ಕತ್ತೆಕಿರುಬಗಳಿರುವ ನಾಡಿದು.

ಇನ್ನು ಹಣದ ಮಾತು. ಈಗ ತಲೆಗೆ 2,600 ರೂಪಾಯಿ, ತಂಡಕ್ಕೆ ಹದಿನಾಲ್ಕೇ ಮಂದಿ, ಅಂದರೆ 36,400. ವಾಹನವನ್ನು ಕೈಬಿಟ್ಟೆ, ಗದಗಿನವರೆಗೆ ರೈಲು, ಅಲ್ಲಿಂದ ಸರ್ಕಾರಿ ಬಸ್ಸು. ನಾನು ಮತ್ತು ಸಹಾಯಕನೂ ಸೇರಿ ಹದಿನಾರು ಜನಕ್ಕೆ ಹೋಗಿಬರುವ ಖರ್ಚು ಮೂರು ಸಾವಿರದ ಸುಮಾರು. ಊಟ, ನಾಷ್ಟಾ, ಚಹಾ ಎಲ್ಲ ಕೂಡಿ ತಲೆಗೆ ಆರುನೂರೈವತ್ತು, ರಾತ್ರಿಯ ವಸತಿಗೆ ಇನ್ನೂರು, ಗಂಟುಮೂಟೆ ಸಾಗಿಸುವ ಟಂಟಂ ಆಟೋಗೆ ಸಾವಿರದೈನೂರು, ಊರಿನ ಶಾಲೆಗೋ ಗುಡಿಗೋ ತಲೆಗೆ ನೂರು. ಐದು ಜನ ದಾರಿ ತೋರುವವರನ್ನೂ ಸಹಾಯಕನ ಮೂರು ಸಾವಿರವನ್ನೂ ವಿಮೆ, ಔಷಧಿಯನ್ನೂ ಕಳೆದರೆ ನನಗೆ ಉಳಿಯುವುದು ಒಂಬತ್ತು ಸಾವಿರದ ಆಸುಪಾಸು. ತಂಡ ಹತ್ತಕ್ಕಿಂತ ಕಡಿಮೆಯಾದರೆ ನನಗೆ ಹೆಚ್ಚೇನೂ ಗಿಟ್ಟುವುದಿಲ್ಲ, ಆದರೂ ರದ್ದು ಮಾಡುವುದಿಲ್ಲ; ಒಮ್ಮೆ ರದ್ದು ಮಾಡಿ, ಹಿಟ್ಟು ಬೀಸಿಸಿಟ್ಟುಕೊಂಡಿದ್ದ ಮನೆಯವರ ಮುಖ ನೋಡುವ ಸ್ಥಿತಿ ಬಂದಿತ್ತು. ಅಂದು ಊಟದ ಪೂರ್ತಿ ಹಣವನ್ನು ಕೊಟ್ಟು ಬಂದೆ.

ನಡುನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಗಂಟುಗಳಿಗೆ ಚಕ್ಕಡಿ ಹೂಡಿಸಿದ್ದು ಚಿತ್ರಕ್ಕೆ ಚೆನ್ನಾಗಿತ್ತು, ಆದರೆ ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಎತ್ತುಗಳನ್ನು ಕೇಳುವುದೇ ತಪ್ಪೆಂದು ಅರಿತು ನಿಲ್ಲಿಸಿದೆ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡವೆಂದು ನಾಟಿ ವೈದ್ಯರೊಬ್ಬರನ್ನು ಜೊತೆಗೆ ಕರೆದೊಯ್ದೆ. ಅವರು ಅಮೃತಬಳ್ಳಿ, ಮಧುನಾಶಿನಿಗಳನ್ನು ತೋರಿಸಿದ ಕ್ಷಣವೇ ಜನ ಕೀಳಲು ಕೈ ಚಾಚಿದರು. ಸಕ್ಕರೆ ಕಾಯಿಲೆಯ ಇಬ್ಬರಂತೂ ಬೇರನ್ನೇ ಕೇಳಿದರು. ಎರಡೇ ತಂಡಗಳ ನಂತರ ಅದನ್ನು ಕೈಬಿಟ್ಟೆ, ಈಗ ಗಿಡಗಳ ಹೆಸರನ್ನು ಯಾರಾದರೂ ಕೇಳಿದರೆ ಮಾತ್ರ ಹೇಳಿಸುತ್ತೇನೆ. ಧಾಮದ ಗಡಿಯೊಳಗೆ ಕಾಲಿಡುವ ಆಸೆ ಇದ್ದವರಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ಬೇರೆ ದಿನ ಬರಲು ಹೇಳುತ್ತೇನೆ. ನಮ್ಮ ದಾರಿ ಊರಿನ ಹೊಲ, ಹಳ್ಳ, ಬಂಡಿ ಜಾಡುಗಳಲ್ಲಿಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಗುಡ್ಡದ ಬಾದೆ ಹುಲ್ಲಿಗೆ ಬೆಂಕಿ ಹತ್ತುವ ಭಯವಿರುವುದರಿಂದ ಶಿವರಾತ್ರಿಯ ನಂತರ ಎಷ್ಟೇ ಬೇಡಿಕೆ ಬಂದರೂ ನಡೆಸುವುದಿಲ್ಲ. ಗೆದ್ದ ಪ್ರಯೋಗವೆಂದರೆ ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಚಳಿಗಾಲದಲ್ಲಿ ಅಲ್ಲಿ ಕಾಣಬಹುದು, 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂಬ ಮನ್ನಣೆಯೂ ಸಿಕ್ಕಿತು. ಮೂರನೆಯ ಬೆಳಿಗ್ಗೆ ಉಳಿಯುವವರಿಗೆ ನಾನೂರು ಹೆಚ್ಚು ಪಡೆದು ಅಲ್ಲಿಗೆ ಕರೆದೊಯ್ಯುತ್ತೇನೆ, ಅರ್ಧದಷ್ಟು ಜನ ಉಳಿಯುತ್ತಾರೆ.

ಈ ವರ್ಷ ಎದುರಾಗಿರುವ ತೊಡಕು ಊಟದ ಮನೆಗಳದ್ದು. ಎರಡನೆಯ ಊರಿನಲ್ಲಿ ಒಂದೇ ಮನೆಗೆ ಸತತವಾಗಿ ಹೋಗುತ್ತಿದ್ದುದರಿಂದ ಓಣಿಯಲ್ಲಿ ಮಾತು ಬೆಳೆಯಿತು, ಕಳೆದ ಫೆಬ್ರುವರಿಯಲ್ಲಿ ಎರಡು ಮನೆಗಳ ಹೆಣ್ಣುಮಕ್ಕಳು ಪರಸ್ಪರ ಮಾತು ಬಿಟ್ಟಿದ್ದು ನನಗೆ ತಿಳಿಯಿತು. ಹಿರಿಯರನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಆರು ಮನೆಗಳಿಗೆ ಪಾಳಿ ಹಚ್ಚಿದ್ದೇವೆ. ಮೊದಲ ಪಾಳಿ ಯಾರದೆಂಬ ಮಾತಿಗೆ ಒಂದು ಗಂಟೆ ಹಿಡಿದು, ಕೊನೆಗೆ ಚೀಟಿ ಎತ್ತಿಸಿದೆವು. ಬರುವ ಸೀಗಿ ಹುಣ್ಣಿಮೆಯ ತಂಡ ಊಟಕ್ಕೆ ಇಳಿಯುವುದು ಓಣಿಯ ಕೊನೆಯ ಮನೆಯಲ್ಲಿ. ಮಾಳಿಗೆ ಒಂದು ಕಡೆ ಸೋರುತ್ತದೆಂದು ಅವರು ಹೇಳಿರುವುದರಿಂದ, ಮೇಲುಮುದ್ದೆಗೆ, ಅಂದರೆ ಮಾಳಿಗೆಯ ಮೇಲಿನ ಮಣ್ಣಿನ ಹೊದಿಕೆಗೆ, ಎರಡು ಬಂಡಿ ಮಣ್ಣು ಹೊಡೆಸಲು ಮುಂಗಡವಾಗಿ ಮೂರು ಸಾವಿರ ಕೊಟ್ಟು ಬಂದಿದ್ದೇನೆ.