ಪಂಜೆಯವರ ಕೆನ್ನೆಗೆ ಬೂಷ್ಟು ಹಿಡಿದಾಗ

ಮಡಿಕೇರಿ ಹತ್ತಿರದ ನಮ್ಮೂರ ವಾಚನಾಲಯದಲ್ಲಿ ಪಂಜೆ ಮಂಗೇಶರಾಯರ ಐದು ಭಾವಚಿತ್ರಗಳಿವೆ. ಮೂರು ಪೆನ್ಸಿಲ್, ಒಂದು ಇದ್ದಿಲು, ಒಂದು ಜಲವರ್ಣ. ಹಳೆಯ ಕಪ್ಪು-ಬಿಳುಪು ಫೋಟೊ ನೋಡಿ ಎಲ್ಲವನ್ನೂ ನಾನೇ ಬರೆದೆ. ಪಂಜೆಯವರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಆದರೆ ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದವರು, ‘ಹುತ್ತರಿ ಹಾಡು’ ಬರೆದವರು. ನಮಗೆ ನಮ್ಮವರೇ, ಅಲ್ವಾ?

ಬರೆದದ್ದಕ್ಕಿಂತ ಉಳಿಸಿಕೊಂಡದ್ದೇ ಜಾಸ್ತಿ ಕಷ್ಟವಾಯಿತು. ಮೊದಲ ವರ್ಷ ಗಾಜು ಕಾಗದಕ್ಕೆ ತಾಗುವ ಹಾಗೆ ಫ್ರೇಮ್ ಹಾಕಿಸಿ, ಮಳೆ ಹೊಡೆಯುವ ಪಡುವಣ ಗೋಡೆಗೇ ತೂಗುಹಾಕಿದ್ದೆ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಒಂದು ದಿನ ನೋಡಿದರೆ ಇದ್ದಿಲಿನ ಚಿತ್ರದ ಎಡಗೆನ್ನೆ ಮೇಲೆ ಸಾಸಿವೆ ಗಾತ್ರದ ಬಿಳಿ ಚುಕ್ಕಿಗಳು. ಬೂಷ್ಟು! ಗಾಬರಿಯಲ್ಲಿ ಬಟ್ಟೆ ತಗೊಂಡು ಒರೆಸಿದೆ. ಬೂಷ್ಟಿನ ಜೊತೆ ಅರ್ಧ ಕಿವಿಯೂ ಹೋಯಿತು.

ವಾಚನಾಲಯದ ಹಿರಿಯರೊಬ್ಬರು, “ಒಲೆ ಮೇಲಿನ ಅಟ್ಟದಲ್ಲಿ ಇಟ್ಟುಬಿಡಪ್ಪ, ಬೆಚ್ಚಗಿರುತ್ತೆ” ಅಂದರು. ಅಲ್ಲಿ ಒಣಮೀನು ಚೆನ್ನಾಗಿ ಉಳಿಯುತ್ತದೆ. ಕಾಗದ ಹೊಗೆಗೆ ಹಳದಿಯಾಗುತ್ತದೆ.

ಈಗ ಚಿತ್ರಗಳು ಒಳಗೋಡೆಗೆ ಬಂದಿವೆ. ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಮೌಂಟ್ ಬೋರ್ಡ್ ಕೊಟ್ಟೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದೆ, ಗೋಡೆಗೆ ತಾಗದೆ ಗಾಳಿಯಾಡಲಿ ಅಂತ. ಸುಮ್ನೆ ಬಿರಡೆ ಅನ್ನಬೇಡಿ, ಅರ್ಧ ಕೆಲಸ ಅದರದ್ದೇ. ಜೂನ್ ಬರುವ ಮೊದಲೇ ಜಲವರ್ಣವನ್ನು ಇಳಿಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಜೆಲ್ಲಿನ ನೀಲಿ ಕಾಳು ಗುಲಾಬಿಯಾದರೆ ನೀರು ಕುಡಿದಿದೆ ಅಂತ ಅರ್ಥ. ಹದವಾದ ಬಿಸಿಗೆ ಹಿಡಿದರೆ ಮತ್ತೆ ನೀಲಿಯಾಗುತ್ತದೆ. ತೇವ ಅಳೆಯುವ ಪುಟ್ಟ ಮೀಟರೂ ಇದೆ. ಶೇ 65 ದಾಟಿದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮಲ್ಲಿ ಮಳೆಗಾಲವಿಡೀ ದಾಟಿಯೇ ಇರುತ್ತದೆ, ಅದು ಬೇರೆ ಮಾತು.

ಬೂಷ್ಟು ಕಂಡರೆ ಈಗ ಒರೆಸುವುದಿಲ್ಲ. ಮೊದಲು ಪೂರ್ತಿ ಒಣಗಬೇಕು. ಆಮೇಲೆ ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ ಕೂತು, ಮೆತ್ತನೆ ಕುಂಚದಿಂದ ಸವರುತ್ತೇನೆ. ಇದ್ದಿಲಿನದಾದರೆ ಚುಕ್ಕಿಯನ್ನಷ್ಟೇ, ಕುಂಚದ ತುದಿಯಿಂದ.

ಆ ಕಿವಿಯನ್ನು ಮತ್ತೆ ಬರೆಯಲಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಐದೂ ಚಿತ್ರ ಹೊರಗೆ ಬಂದಾಗ ಶಾಲೆ ಮಕ್ಕಳು ಮೊದಲು ನಿಲ್ಲುವುದು ಅದರ ಮುಂದೆಯೇ. “ಅಂಕಲ್, ಇವರ ಕಿವಿ ಏನಾಯ್ತು?”