ಡಬ್ಬಿಯವರ ಜೊತೆ ತಕರಾರು ಬಂದಾಗ

ಮಲ್ಲೇಶ್ವರದಲ್ಲಿ ನನ್ನದು ಚಕ್ಕುಲಿ, ಕೋಡುಬಳೆ ವ್ಯಾಪಾರ. ರಟ್ಟಿನ ಡಬ್ಬಿ ಬರುವುದು ಪೀಣ್ಯದಿಂದ. ಲೋಡು ಇಳಿದ ಕೂಡಲೇ ಕಟ್ಟು ಬಿಚ್ಚಿ, ಮಧ್ಯದಿಂದಲೂ ತೆಗೆದು ನೋಡಿ. ಮೇಲಿನವು ಯಾವಾಗಲೂ ಚೆನ್ನಾಗಿರುತ್ತವೆ! ರಟ್ಟು ತೆಳು ಅನ್ನಿಸಿದರೆ ಒಪ್ಪಿದ ಸ್ಯಾಂಪಲ್ ಜೊತೆ ತೂಗಿ, ಬಿಲ್ ಸಮೇತ ಫೋಟೋ ತೆಗೆಯಿರಿ.

ಮೊದಲು ಫೋನ್ ಮಾಡಿ. "ಅಣ್ಣಾ, ಈ ಸಲ ರಟ್ಟು ತೆಳು ಇದೆ" ಅಂದರೆ ಸಾಕು, ಸುಮ್ನೆ ಕೂಗಾಡಬೇಡಿ. ದೀಪಾವಳಿಗೆ ಮತ್ತೆ ಅವರೇ ಬೇಕು ಅಲ್ವಾ? ಆದರೆ ಅದೇ ದಿನ ಬರೆದೂ ಕಳಿಸಿ. ಅವರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರುವ ಸಣ್ಣ ತಯಾರಕರಾದರೆ, 2006ರ ಎಂಎಸ್‌ಎಂಇಡಿ ಕಾಯ್ದೆ (ಸಣ್ಣ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಪ್ರಕಾರ ಸರಕು ಬಂದ 15 ದಿನದೊಳಗೆ ಬರೆದು ಆಕ್ಷೇಪಿಸದಿದ್ದರೆ ನೀವು ಒಪ್ಪಿದಂತೆಯೇ ಲೆಕ್ಕ. ಆಮೇಲೆ ದುಡ್ಡು ತಡೆದರೆ ಬಡ್ಡಿ ನಿಮ್ಮ ತಲೆಗೆ.

ಚೆನ್ನಾಗಿರುವ ಡಬ್ಬಿಗಳ ಹಣ ಕೊಟ್ಟುಬಿಡಿ. ವಾಪಸ್ ಕಳಿಸಿದ್ದಕ್ಕೆ ಕ್ರೆಡಿಟ್ ನೋಟ್ (ಬಿಲ್ಲಿನಲ್ಲಿ ಅಷ್ಟು ಹಣ ಕಡಿಮೆ ಮಾಡಿದ್ದಕ್ಕೆ ಅವರು ಕೊಡುವ ಚೀಟಿ) ಕೇಳಿ, ಜಿಎಸ್‌ಟಿ ಲೆಕ್ಕವೂ ಸರಿಹೋಗುತ್ತದೆ.